ಕೆಂಪಿಯ ಮುಂದೆ ತಾತನ ಪಾಠ

"ಇವತ್ತಿನ ಪಾಠ ನಂದು. ನೀನು ಹಾಲು ಕರೀಬೇಡ, ಕೊಟ್ಟಿಗೆ ಕಡೆ ತಲೇನೂ ಹಾಕ್ಬೇಡ" ಎಂದು ಶಿವನಂಜಪ್ಪನವರು ಬೆಳಗ್ಗೆಯೇ ಹೆಂಡತಿಗೆ ರಾಜಾಜ್ಞೆ ಹೊರಡಿಸಿದರು.

ಮೊಮ್ಮಗಳು ಪುಟ್ಟಿಯ ನರ್ಸರಿ ಶಾಲೆಯ ಮಕ್ಕಳು ಪಿರಿಯಾಪಟ್ಟಣದಿಂದ ಹಾರನಹಳ್ಳಿಯ ಅವರ ತೋಟ ನೋಡಲು ಬರುವವರಿದ್ದರು. ಹಾಲು ಬರುವುದು ಪ್ಯಾಕೆಟ್ಟಿನಿಂದಲೇ ಎಂದು ಶಿವಾನಿ ಎಂಬ ಗೆಳತಿ ತರಗತಿಯಲ್ಲಿ ಹಟ ಹಿಡಿದಿದ್ದಳಂತೆ. "ನಮ್ ತಾತ ಹಸು ಕರೆದು ತೋರಿಸ್ತಾರೆ, ಬಾ" ಎಂದು ಪುಟ್ಟಿ ಎಲ್ಲರೆದುರು ಸವಾಲು ಹಾಕಿ ಬಂದಿದ್ದಳು.

ಪುಟ್ಟಮಲ್ಲಮ್ಮ ಪೂಜೆ ಬುಟ್ಟಿಗೆ ಹೂ ಹಾಕುತ್ತಾ, "ಕೆಂಪಿ ನನ್ ಬುಟ್ರೆ ಯಾರ್ಗೂ ಹಾಲು ಬುಡಕಿಲ್ಲ ಕಣ್ರೀ" ಎಂದರು.

"ದಿನಾ ಡೈರಿಗೆ ಹಾಲು ಹಾಕೋನು ಯಾರು?"

"ಹಾಕೋರು ನೀವೇ. ಕರಿಯೋಳು ನಾನು."

"ಹೋಗು, ದೇವ್ರಿಗೆ ಕೈ ಮುಗಿ ಹೋಗು."

"ನಿಮ್ ಸಲುವಾಗೇ ಮುಗೀತೀನಿ ಬುಡಿ" ಎಂದು ಆಕೆ ಈಶ್ವರನ ಗುಡಿಗೆ ಹೊರಟರು.

ಮಕ್ಕಳು ಟೀಚರ್ ಅನು ಮಿಸ್ ಜೊತೆ ಬಸ್ಸಿನಿಂದ ಇಳಿದಾಗ ಶಿವನಂಜಪ್ಪನವರು ಇಸ್ತ್ರಿ ಅಂಗಿ ತೊಟ್ಟು, ಮೀಸೆ ತಿರುವಿ, ಕೈಯಲ್ಲಿ ಚೆಂಬು ಹಿಡಿದು ದಂಡನಾಯಕರಂತೆ ನಿಂತಿದ್ದರು. ಕೆಂಪಿ ಅವರನ್ನು ಮೇಲಿಂದ ಕೆಳಗೆ ನೋಡಿತು. ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಒಂದೇ ಒದೆತ. ಚೆಂಬು ಉರುಳಿಕೊಂಡು ಅನು ಮಿಸ್ ಕಾಲ ಬಳಿ ಹೋಗಿ ನಿಂತಿತು. ದಂಡನಾಯಕರು ಸಗಣಿಯಲ್ಲಿ ಕೂತಿದ್ದರು. ಬೆಲ್ಲ ತಿನ್ನಿಸಿದರು, ಕತ್ತಿನ ಗಂಗೆದೊಗಲು ನೀವಿದರು, "ಮಾನ ಉಳಿಸವ್ವ" ಎಂದು ಕಿವಿಯಲ್ಲಿ ಬೇಡಿದರು. ಕೆಂಪಿ ಬೆಲ್ಲ ನುಂಗಿತು, ಹಾಲು ಮಾತ್ರ ಒಂದು ತೊಟ್ಟೂ ಬಿಡಲಿಲ್ಲ.

"ನೋಡಿ ಮಿಸ್, ಇದರಲ್ಲಿ ಹಾಲೇ ಇಲ್ಲ" ಎಂದಳು ಶಿವಾನಿ.

ಪುಟ್ಟಿಯ ತುಟಿ ಅದುರತೊಡಗಿತು. ಅದನ್ನು ನೋಡಿ ಶಿವನಂಜಪ್ಪನವರ ಜಂಬವೆಲ್ಲ ಇಳಿದುಹೋಯಿತು. ಹೆಂಡತಿ ಹಾಲು ಕರೆಯುವಾಗ ಸುತ್ತಿಕೊಳ್ಳುವ ಹಳೇ ಸೀರೆ ಗೂಟದಲ್ಲಿ ತೂಗುತ್ತಿತ್ತು. ಒಮ್ಮೆ ಸೀರೆ ನೋಡಿದರು, ಒಮ್ಮೆ ಮೊಮ್ಮಗಳನ್ನು ನೋಡಿದರು.

"ಮಿಸ್, ಸ್ವಲ್ಪ ನೆರಿಗೆ ಹಿಡಿದು ಕೊಡ್ತೀರಾ?"

ಅನು ಮಿಸ್ ನಗು ನುಂಗಿಕೊಂಡು ನೆರಿಗೆ ಹಿಡಿದರು. ಮಿಕ್ಕ ಸೆರಗನ್ನು ಶಿವನಂಜಪ್ಪನವರೇ ಮೀಸೆ ಮುಚ್ಚುವಂತೆ ತಲೆಗೆ ಸುತ್ತಿಕೊಂಡರು. ಕೆಂಪಿ ಸೀರೆಯನ್ನು ಮೂಸಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ಚೆಂಬಿನೊಳಗೆ ಸೊರ್ರ್ ಸೊರ್ರ್ ಎಂದು ನೊರೆಹಾಲು ಬಿತ್ತು. ಶಿವಾನಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಪುಟ್ಟಿ ತಾತನ ಬಳಿಯೇ ಉಳಿದಳು. ಹೊರಡುವಾಗ ಮಿಕ್ಕ ಮಕ್ಕಳೆಲ್ಲ ಬಸ್ಸಿನ ಕಿಟಕಿಯಿಂದ ಕೈ ಬೀಸಿ, "ಟಾಟಾ ಮೀಸೆ ಅಜ್ಜಿ" ಎಂದು ಕೂಗಿದರು.

ಗುಡಿಯಿಂದ ಬಂದ ಪುಟ್ಟಮಲ್ಲಮ್ಮ ತುಂಬಿದ ಚೆಂಬು ನೋಡಿ ಬೆರಗಾದರು. ಗಂಡನ ಹಣೆಗೆ ವಿಭೂತಿ ಹಚ್ಚುತ್ತಾ, "ಪರವಾಗಿಲ್ವೇ, ಕರೆದೇ ಬುಟ್ರಾ?" ಎಂದರು.

ಶಿವನಂಜಪ್ಪನವರು ಮೀಸೆಯತ್ತ ಕೈ ಒಯ್ಯುವಷ್ಟರಲ್ಲಿ ಪುಟ್ಟಿ ಹೇಳಿದಳು:

"ಇಲ್ಲ ಕಣಜ್ಜಿ, ಕರೆದಿದ್ದು ನೀನೇ. ತಾತ ಸುಮ್ನೆ ನಿನ್ ಸೀರೆ ಒಳಗಿದ್ರು."