ಬೀಳ್ಕೊಡಲು ಬಂದ ವ್ಯಾನು

ವಿಮಾನ ಹತ್ತುವುದು ಮಹಾ ವಿದ್ಯೆಯೇನಲ್ಲ ಎಂಬುದು ಅಂದಿನವರೆಗೂ ನನ್ನ ದೃಢ ನಂಬಿಕೆಯಾಗಿತ್ತು. ಗುಬ್ಬಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನಿಗೆ, ನಂಬರು ಬರೆದ ಸೀಟಿನಲ್ಲಿ ಹೋಗಿ ಕೂರುವುದು ಯಾವ ಲೆಕ್ಕ!

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರಿನಲ್ಲಿ ನನ್ನದೊಂದು ಫ್ಯಾನಿನ ಅಂಗಡಿ. ಆ ಬೇಸಿಗೆಯ ಸೆಕೆಗೆ ನಾನು ಸುಮ್ಮನೆ ಕೂತಿದ್ದರೂ ಫ್ಯಾನುಗಳು ತಾವೇ ಮಾರಾಟವಾದವು. ಸಂತುಷ್ಟರಾದ ಕಂಪನಿಯವರು ದೆಹಲಿ-ಆಗ್ರಾ ಪ್ರವಾಸವನ್ನು ಬಹುಮಾನವಾಗಿ ದಯಪಾಲಿಸಿದರು. ಎಲ್ಲ ವಿಮಾನದವರದೇ ಏರ್ಪಾಟು. ಅವರ ವಿಮಾನ, ಅವರು ಹೇಳಿದ ಹೋಟೆಲು, ಅವರು ಗೊತ್ತು ಮಾಡಿದ ಬಸ್ಸು. ತಾಜಮಹಲಿನ ಮುಂದೆ ಎಷ್ಟು ಹೊತ್ತು ಬೆರಗಾಗಬೇಕು ಎಂಬುದನ್ನೂ ಅವರೇ ತೀರ್ಮಾನಿಸಿದ್ದರು! ವಿಮಾನ ಇಳಿಯುವ ಊರಿಗೆ ಜನ ಬರುತ್ತಾರೆ, ಜನ ಬಂದ ಊರು ಪ್ರೇಕ್ಷಣೀಯ ಸ್ಥಳವಾಗುತ್ತದೆ. ನಮ್ಮ ದೇವರಾಯನದುರ್ಗದಲ್ಲಿ ವಿಮಾನ ಇಳಿಯುವಂತಿದ್ದರೆ ಅಲ್ಲಿನ ಕೋತಿಗಳೂ ಇಷ್ಟು ಹೊತ್ತಿಗೆ ಇಂಗ್ಲಿಷ್ ಕಲಿತಿರುತ್ತಿದ್ದವು.

ಟಿಕೆಟ್ ಇಬ್ಬರಿಗೆ ಬಂದಿತ್ತು. ನನಗೆ ಮತ್ತು ನನ್ನ ಹೆಂಡತಿ ಸರೋಜಳಿಗೆ. ಅವಳು ತೀರಿಕೊಂಡು ಎರಡು ವರ್ಷವಾಗಿದ್ದು ಕಂಪನಿಗೆ ಗೊತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ. ಊರಿಗೆಲ್ಲ ಗಾಳಿ ಹಂಚುವ ನನಗೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದುದು ರೇಡಿಯೋ ಒಂದೇ, ಅದೂ ನನ್ನ ಮಾತು ಕೇಳುತ್ತಿರಲಿಲ್ಲ.

ಎದುರು ಮನೆಯ ಟೈಲರ್ ರಹಮತ್ ಸಾಬರಿಗೆ ಸುದ್ದಿ ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು.

"ಒಬ್ರೇ ಹೋಗ್ತೀರಾ ರುದ್ರಣ್ಣೋರೆ? ಕಳ್ಸಕ್ಕೆ ಯಾರೂ ಬರಲ್ವಾ? ನಮ್ಮಣ್ಣ ಹಜ್‌ಗೆ ಹೋದಾಗ ವಿಮಾನದ ಹತ್ರ ಎರಡು ಬಸ್ ಜನ ಹೋಗಿದ್ವಿ. ಕೈ ಬೀಸೋರೇ ಇಲ್ದೆ ವಿಮಾನ ಹತ್ತೋದಾ? ಛೆ!"

ಆ 'ಛೆ' ಎದೆಗೆ ನಾಟಿತು. ನಿಜ ಹೇಳುತ್ತೇನೆ, ಆ ಕ್ಷಣದಿಂದ ನನಗೆ ತಾಜಮಹಲಿಗಿಂತ ಕೈ ಬೀಸುವ ನಾಲ್ಕು ಜನವೇ ಹೆಚ್ಚು ಬೇಕಾದರು. ಗುಬ್ಬಿಯಲ್ಲಿದ್ದ ಅಕ್ಕ ಗಂಗಮ್ಮನ ಮನೆಗೆ ಓಡಿದೆ.

"ಬರ್ತೀನಿ ಕಣ್ಲಾ," ಎಂದಳು ಅಕ್ಕ. "ಆದ್ರೆ ಅಷ್ಟು ದೂರ ಬಂದು ಬರೀ ನಿನ್ ಮಕ ನೋಡ್ಕಂಡು ಬರಕ್ಕಾಯ್ತದಾ? ಲಾಲ್‌ಬಾಗು, ವಿಧಾನಸೌಧ ಎಲ್ಲಾ ತೋರ್ಸು."

ವ್ಯಾನು ಗೊತ್ತಾಯಿತು. ಅಕ್ಕನ ಮನೆಯವರು, ಪಕ್ಕದ ಮನೆಯವರು, ಪಕ್ಕದ ಮನೆಯವರ ಬೀಗರು, ಎಲ್ಲರೂ ನನ್ನ ಮೇಲಿನ ಪ್ರೀತಿಯಿಂದ ಹತ್ತಿದರು. ತುಮಕೂರಿನಲ್ಲಿ ನಾನು ಮತ್ತು ಸಾಬರು ಹತ್ತಿದೆವು. ಕುಣಿಗಲ್ಲಿನ ನೆಂಟರು ನೆಲಮಂಗಲದಲ್ಲಿ ಚಕ್ಕುಲಿ ಡಬ್ಬದ ಸಮೇತ ಕಾದಿದ್ದರು. ಕೊನೆಗೆ ದೆಹಲಿಯ ಪ್ರಯಾಣಿಕನಿಗೇ ಸೀಟಿಲ್ಲ! ಸ್ಟೆಪ್ನಿಯ ಮೇಲೆ ಕೂತೆ. ಆದರೂ ಅಷ್ಟು ಜನರ ಗಲಾಟೆಯ ನಡುವೆ ಕೂತು ಎಷ್ಟು ಕಾಲವಾಗಿತ್ತೋ, ಬಹಳ ಸುಖವೆನಿಸಿತು.

ಲಾಲ್‌ಬಾಗು ಮುಗಿಸಿ, ವಿಧಾನಸೌಧದ ಮುಂದೆ ಚಿತ್ರಾನ್ನ ತಿಂದು, ವಿಮಾನ ನಿಲ್ದಾಣ ತಲುಪಿದೆವು. ಬಾಗಿಲಲ್ಲೇ ಅಕ್ಕ ನನ್ನ ಕೊರಳಿಗೆ ಹಾರ ಹಾಕಿದಳು. ಕೌಂಟರಿನ ಹುಡುಗಿ ನನ್ನ ಪೆಟ್ಟಿಗೆ ತೆಗೆದುಕೊಂಡು, ಬೋರ್ಡಿಂಗ್ ಕಾರ್ಡು ಕೊಟ್ಟು, "ನಿಮ್ಮ ಮಿಸೆಸ್ ಎಲ್ಲಿ ಸರ್?" ಎಂದಳು.

"ಅವರು ಮೊದಲೇ ಹೋದರು."

"ಬೆಳಗಿನ ಫ್ಲೈಟಿಗಾ ಸರ್?"

ಹೂಂ ಎಂದೆ. ಇನ್ನೇನು ಹೇಳಲಿ?

ನೇರ ಒಳಗೆ ಹೋಗಬೇಕಾಗಿತ್ತು. ಆದರೆ ಅಕ್ಕ ಬಿಡಲಿಲ್ಲ. "ಹಂಗೇ ಹೊಂಟೋದ್ರೆ ಹೆಂಗ್ಲಾ? ಯಾವ್ದು ನಿನ್ ವಿಮಾನ ಅಂತ ನಮಗ್ಯಾರು ತೋರ್ಸೋರು?"

ನ್ಯಾಯವಾದ ಮಾತು. ಮಹಡಿಯ ಮೇಲೆ ನಿಂತು ವಿಮಾನ ನೋಡುವ ಗ್ಯಾಲರಿಗೆ ಎಲ್ಲರಿಗೂ ಟಿಕೆಟ್ ತೆಗೆಸಿ ನಾನೂ ಮೇಲೆ ಹೋದೆ. ಅಲ್ಲಿ ನನ್ನ ಪಾಂಡಿತ್ಯ ಗರಿಗೆದರಿತು. ರೆಕ್ಕೆಯ ಮಹತ್ವ, ಚಕ್ರ ಮಡಚುವ ವಿಧಾನ, ಎಲ್ಲವನ್ನೂ ಉಪನ್ಯಾಸ ಮಾಡಿದೆ.

"ಮ್ಯಾಲೆ ಹೋದ್ಮೇಲೆ ಕಿಟ್ಕಿ ತಗೀಬೌದಾ?" ಎಂದು ಕುಣಿಗಲ್ಲಿನ ಚಿಕ್ಕಮ್ಮ ಕೇಳಿದರು.

"ತೆಗೀಬೌದು, ಚಳಿ ಅಂತ ಯಾರೂ ತೆಗೆಯಲ್ಲ," ಎಂದೆ. ನಾನೂ ಅದುವರೆಗೆ ವಿಮಾನದ ಕಿಟಕಿ ಕಂಡವನಲ್ಲ!

ಮೈಕಿನಲ್ಲಿ ಏನೋ ಹೇಳಿದರು. ಮತ್ತೊಮ್ಮೆ ಹೇಳಿದರು. "ಯಾರೋ ಲೇಟಾಗಿರ್ಬೇಕು," ಎಂದು ಅಕ್ಕನಿಗೆ ವಿವರಿಸಿದೆ. ಎರಡು ವರ್ಷದಿಂದ ನನ್ನ ಮಾತನ್ನು ಅಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ. ನಿಲ್ಲಿಸಲು ಮನಸ್ಸಾದರೂ ಹೇಗೆ ಬಂದೀತು?

ಅಷ್ಟರಲ್ಲಿ ವಿಮಾನ ಕದಲಿತು. "ಹೊಂಟೇಬುಡ್ತಲ್ಲೋ!" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ವ್ಯಾನಿಗೆ ವ್ಯಾನೇ ಎದ್ದು ಕೈ ಬೀಸಿತು. ಎಲ್ಲರಿಗಿಂತ ಜೋರಾಗಿ, ಕೊರಳಲ್ಲಿ ಹಾರ ಹಾಕಿಕೊಂಡು, ನಾನೂ ಬೀಸಿದೆ. ವಿಮಾನ ಚುಕ್ಕಿಯಾಗುವವರೆಗೂ ಬೀಸಿದೆ.

ರಹಮತ್ ಸಾಬರು ಮೆಲ್ಲಗೆ ಕೈ ಇಳಿಸಿದರು. "ರುದ್ರಣ್ಣೋರೆ, ನಾವೆಲ್ಲ ಯಾರಿಗೆ ಕೈ ಬೀಸ್ತಾ ಇದೀವಿ?"

ಜೇಬಿನಿಂದ ಬೋರ್ಡಿಂಗ್ ಕಾರ್ಡು ತೆಗೆದು ನೋಡಿದೆ.

ಕೆಳಗೆ ಓಡಿದೆ. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ, ನನ್ನ ಪೆಟ್ಟಿಗೆ ಸುರಕ್ಷಿತವಾಗಿ ದೆಹಲಿಗೆ ಹೊರಟಿದೆ ಎಂದಳು. "ಹೋಗ್ಲಿ ಬುಡು," ಎಂದು ಅಕ್ಕ ಸಮಾಧಾನ ಮಾಡಿದಳು, "ನಿನ್ ದೆಸೆಯಿಂದ ನಾವಾದ್ರೂ ಬೆಂಗ್ಳೂರು ನೋಡ್ದೋ."

ಸಂಜೆ ವ್ಯಾನು ನಮ್ಮ ಬೀದಿಯಲ್ಲಿ ನಿಂತಿತು. ಸಾಬರು, "ಬನ್ನಿ, ನಮ್ಮನೇಲಿ ಊಟ ಮಾಡಿ," ಎಂದರು. "ಬೇಡ ಸಾಬ್ರೆ, ಪ್ರಯಾಣದ ಆಯಾಸ, ಹೋಗಿ ಮಲಗ್ತೀನಿ," ಎಂದು ಗತ್ತಿನಿಂದ ಹೇಳಿ ಕಳಿಸಿದೆ. ವ್ಯಾನು ಗುಬ್ಬಿಯ ಕಡೆ ಹೊರಟಿತು. ಎಲ್ಲ ಕಿಟಕಿಗಳಿಂದಲೂ ಕೈಗಳು ಹೊರಬಂದು ನನಗಾಗಿಯೇ ಬೀಸಿದವು. ಹೋಗುತ್ತಿದ್ದವರು ಮಾತ್ರ ಅವರು, ನಿಂತಿದ್ದವನು ನಾನು.

ವ್ಯಾನು ಮರೆಯಾದ ಮೇಲೆ ಬೀಗದಕೈಗಾಗಿ ಜೇಬು ತಡಕಿದೆ. ದಾರಿಯಲ್ಲಿ ಕಳೆದೀತೆಂದು ಬಹಳ ಜಾಗ್ರತೆಯಿಂದ ಅದನ್ನು ಪೆಟ್ಟಿಗೆಯಲ್ಲಿಟ್ಟಿದ್ದೆ! ಗತ್ತು ತೋರಿಸಿ ಕಳಿಸಿದ ಸಾಬರ ಬಾಗಿಲು ತಟ್ಟಲು ಮುಖವಿರಲಿಲ್ಲ. ಒಳಗೆ ಹೋದರೂ ಮಾತಾಡುವವರು ಯಾರಿದ್ದಾರೆ ಎಂದುಕೊಂಡು, ವಿಮಾನಯಾತ್ರಿ ರುದ್ರಣ್ಣನವರು ಹಾರ ಸಮೇತ ತಮ್ಮ ಮನೆಯ ಜಗಲಿಯ ಮೇಲೆಯೇ ತಂಗಿದರು.