ಕೆನಾಲಿನ ಏಳು ನಿಂಬೆಹಣ್ಣು

ತೊಂದರೆ ಶುರುವಾದದ್ದು ಒಂದು ಗೆರೆಯಿಂದ. ಹಾಸ್ಟೆಲ್ ಅರ್ಜಿಯ ಕೊನೆಯಲ್ಲಿ 'ಪೋಷಕರ ಸಹಿ' ಎಂದು ಅಚ್ಚು ಹಾಕಿ, ಅದರ ಮುಂದೆ ಎಳೆದಿದ್ದ ಅರ್ಧ ಗೇಣಿನ ಗೆರೆ. ರೇಣಮ್ಮನ ಅಪ್ಪ ಕುರಿಹಿಂಡಿನ ಸಂಗಡ ಕೃಷ್ಣೆಯ ಆಚೆ ದಂಡೆಗೆ ಹೋಗಿ ತಿಂಗಳಾಗಿತ್ತು. ಆದ್ದರಿಂದ ಆ ಗೆರೆಯನ್ನು ತುಂಬಬೇಕಾದವನು ಮನೆಯ ಹಿರಿಯ, ದೊಡ್ಡಪ್ಪ ಮಾನಪ್ಪ. ಮರುದಿನ ಬೆಳಿಗ್ಗೆ ಆರೂವರೆಗೆ ಸುರಪುರದ ಬಸ್ಸು, ಅಲ್ಲಿಂದ ದೂರದ ಕಾಲೇಜಿನ ಊರಿಗೆ ಇನ್ನೊಂದು. ಅದು ತಪ್ಪಿದರೆ ಕಾಲೇಜಿನಲ್ಲಿ ಹೆಸರು ಹೋಗುತ್ತಿತ್ತು.

ಮಾನಪ್ಪ ಅರ್ಜಿಯನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮಡಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡ.

"ಓದಬ್ಯಾಡ ಅನ್ನಂಗಿಲ್ಲ ನಾ. ಒಂದು ಓದು ಓದು. ಸೈನ್ಸ್ ಬೇಕಂದ್ರ ಸುರಪುರದಾಗ ಬಿಎಸ್ಸಿ ಅದ. ದಿನಾ ಬಸ್ಸಿಗೆ ಹೋಗಿ ಬಾ. ವಕೀಲಕಿ ಆಮ್ಯಾಲ ನೋಡೂಣು. ಎರಡೂ ಒಂದ ಸಲ ಅಂದ್ರ ಏನದು?"

"ಬಿಎಸ್ಸಿ ಎಲ್‌ಎಲ್‌ಬಿ ಒಂದ ಕೋರ್ಸ್ ದೊಡ್ಡಪ್ಪ. ಐದು ವರ್ಷದ್ದು. ಮೂರು ಮುಗದಾವ, ಎರಡು ಉಳದಾವ. ನಡುವ ಬಿಟ್ರ ಆಕಡಿದೂ ಇಲ್ಲ, ಈಕಡಿದೂ ಇಲ್ಲ."

ಇದು ನಡೆದದ್ದು ಮಕ್ತುಮಸಾಬನ ಚಹಾ ಅಂಗಡಿಯ ಮುಂದೆ. ಅಲ್ಲಿ ನಡೆದ ಮಾತಿಗೆ ಊರಿನ ಅರ್ಧ ಜನ ಸಾಕ್ಷಿ, ಉಳಿದರ್ಧ ಜನ ನ್ಯಾಯಾಧೀಶರು. ಮಕ್ತುಮಸಾಬ ಸೋಸಣಿಗೆ ಕೊಡವುತ್ತ ತನ್ನ ತೀರ್ಪು ಕೊಟ್ಟ:

"ಬೇಟಿ, ಬೇಜಾರ ಆಗಬ್ಯಾಡ. ಚಾದಾಗ ಕಾಫಿ ಹಾಕಿದಂಗ ಆತು ನಿಂದು. ಚಾ ಕುಡಿಯಾವನೂ ಉಗಳ್ತಾನ, ಕಾಫಿ ಕುಡಿಯಾವನೂ ಉಗಳ್ತಾನ."

ಎಲ್ಲರೂ ನಕ್ಕರು. ರೇಣಮ್ಮನಿಗೆ ಹೆದರಿಕೆ ಎಂದೂ ಬೇಗ ಬರುತ್ತಿರಲಿಲ್ಲ. ಸಿಟ್ಟು ಮಾತ್ರ ಕರೆದ ಕೂಡಲೆ ಬರುತ್ತಿತ್ತು. ಅವಳು ಕಟ್ಟೆಯ ಮೇಲೆ ಕೈಚೀಲ ಕುಕ್ಕಿದಳು.

"ದೊಡ್ಡಪ್ಪ, ಇವತ್ತು ಕೆನಾಲಿನ ನೀರಿನ ಪಾಳಿ ಯಾರದು?"

"ನಮ್ಮದು. ಹೊತ್ತು ಮುಳುಗೂಮಟ. ಆದ್ರ ನಮ್ಮ ಪಾಳಿಗೆ ನೀರು ಎಂದು ಬಂದದ? ಮ್ಯಾಲಿನವ್ರು ಪೈಪ ಹಾಕಿ ಕುಡದು, ನಮ್ಮ ಶೇಂಗಾಕ್ಕ ಬರೇ ಕೆಸರು ಕಳಸ್ತಾರ."

"ಹೊತ್ತು ಮುಳುಗೂದ್ರಾಗ ನಮ್ಮ ಬದುವಿಗೆ ನೀರು ತರ್ತೀನಿ. ತಂದ್ರ ಸೈ ಮಾಡ್ತೀರಿ?"

"ಹ್ಯಾಂಗ ತರ್ತಿ? ಎಂಎಲ್ಎ ಮನಿ ಮುಂದ ಅತ್ತು ತರ್ತಿ? ಇಲ್ಲಾ ನಾಕು ಮಂದಿ ಕೂಡಿಸಿ ಅಂಜಿಸಿ ತರ್ತಿ?"

ಈ ಮಾತು ಅವಳನ್ನು ಚುಚ್ಚಿತು. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದಳು. ಕರಾರುಪತ್ರ ಬರೆಯುವುದನ್ನು ಹೋದ ವರ್ಷವೇ ಕಲಿತಿದ್ದಳು, ಅದರಲ್ಲಿ ತರಗತಿಗೇ ಹೆಚ್ಚು ಅಂಕ ಅವಳಿಗೇ ಬಂದಿದ್ದವು. ಒಂದೇ ಉಸಿರಿಗೆ ಬರೆದು, ತಾನು ಸಹಿ ಮಾಡಿ, ದೊಡ್ಡಪ್ಪನಿಂದ ಮಾಡಿಸಿ, ಮಕ್ತುಮಸಾಬನ ಸಾಕ್ಷಿ ಹಾಕಿಸಿದಳು. ಸಾಬ ಹಾಳೆಯನ್ನು ಚಹಾಪುಡಿ ಡಬ್ಬಿಯ ಕೆಳಗೆ ಭದ್ರವಾಗಿಟ್ಟ.

ಮೊದಲು ಕಾಯ್ದೆ. ರೇಣಮ್ಮ ನೆಟ್ಟಗೆ ಅಂಬಣ್ಣನ ಗದ್ದೆಗೆ ನಡೆದಳು. ಕೆನಾಲಿನ ತೂಬಿನ ಪಕ್ಕದಲ್ಲೇ ಅವನ ಭತ್ತ, ಊರಿಗೆಲ್ಲ ಹಸಿರು. ಅಂಬಣ್ಣ ಬದುವಿನ ಮೇಲೆ ಕುಂತು ರೊಟ್ಟಿ ಮುರಿಯುತ್ತಿದ್ದ. ಹಿಂದುಗಡೆ ಹುಲ್ಲು ಮುಚ್ಚಿದ ಒಂದು ಗುಡ್ಡೆಯೊಳಗಿಂದ ಗುಳುಗುಳು ಸದ್ದು ಬರುತ್ತಿತ್ತು.

"ಕಾಕಾ, ಪಾಳಿ ಇಲ್ದಾಗ ಕೆನಾಲಿಗೆ ಪೈಪ ಹಾಕೂದು ನೀರಾವರಿ ಕಾಯ್ದಿ ಪ್ರಕಾರ ಅಪರಾಧ."

"ಪೈಪು? ಯಾವ ಪೈಪು?" ಅಂಬಣ್ಣ ಸುತ್ತ ನೋಡಿದ. "ನಮ್ಮ ಗದ್ದಿ ತಗ್ಗಿನ್ಯಾಗ ಅದವ್ವ, ನೀರು ತಾನ ಜಿನುಗ್ತದ. ಜಿನುಗಬ್ಯಾಡ ಅಂತ ನಿನ್ನ ಕಾಯ್ದಿದಾಗ ಬರದಾರೇನು? ಬರದಿದ್ರ ನೀರಿಗೇ ಓದಿ ಹೇಳು."

ಅವಳು ಕಲಮು ಹೇಳಿದಳು, ಶಿಕ್ಷೆ ಹೇಳಿದಳು. ಮುಂದಿನ ಐದು ಹೊಲಗಳಿಗೂ ಹೋಗಿ ಅದನ್ನೇ ಹೇಳಿದಳು. ಎಲ್ಲ ಕಡೆಯೂ ನೀರು ತಾನಾಗಿ ಜಿನುಗುತ್ತಿತ್ತು. ಬಾಲಮ್ಮ ಎಂಬಾಕೆ ಮಾತ್ರ ಕಾಯ್ದೆಯನ್ನು ಪೂರ್ತಿ ಕೇಳಿ, "ಭಾಳ ಛಲೋ ಹೇಳ್ತಿ ತಂಗಿ, ಬಾಯಿ ಒಣಗಿರಬೇಕು" ಎಂದು ಮಜ್ಜಿಗೆ ಕೊಟ್ಟಳು.

ಮಜ್ಜಿಗೆ ಕುಡಿದು ರೇಣಮ್ಮ ಯೋಚಿಸಿದಳು. ಕಾಯ್ದೆಗೆ ಪುರಾವೆ ಬೇಕು. ಪುರಾವೆಗೆ ವಿಜ್ಞಾನ ಬೇಕು. ಇಷ್ಟಕ್ಕಾಗಿಯೇ ಅಲ್ಲವೆ ಎರಡನ್ನೂ ಒಟ್ಟಿಗೆ ಓದುವುದು! ಕೆನಾಲಿನ ಬಾಯಲ್ಲಿ ಏನಾದರೂ ತೇಲಬಿಟ್ಟರೆ, ನೀರು ಎಲ್ಲಿ ಹೋಗುತ್ತದೋ ಅದೂ ಅಲ್ಲಿಗೇ ಹೋಗಬೇಕು. ಕಡ್ಡಿ ಬಿಟ್ಟರೆ ಗಾಳಿ ಎಳೆಯುತ್ತದೆ. ಪ್ಲಾಸ್ಟಿಕ್ ಚೆಂಡು ನೀರಿನ ಮೇಲೆ ಕುಣಿಯುತ್ತದೆ. ಬೇಕಾದದ್ದು ಮುಕ್ಕಾಲು ಭಾಗ ಮುಳುಗಿ ತೇಲುವ, ಪೈಪಿನೊಳಗೆ ತೂರುವ ದುಂಡನೆಯ ವಸ್ತು. ಎಲ್ಲ ಅಳೆದು ತೂಗಿ ನೋಡಿದಾಗ ಉಳಿದದ್ದು ಒಂದೇ: ನಿಂಬೆಹಣ್ಣು.

ಮನೆಯಿಂದ ಏಳು ಹಣ್ಣು ತಂದಳು. ಯಾವ ಹಣ್ಣು ಎಲ್ಲಿಗೆ ಹೋಯಿತೆಂದು ಗುರುತು ಸಿಗಬೇಕಲ್ಲ, ಅವ್ವನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದಳು. ನೀರಿಗೆ ಅಳಿಸಬಾರದೆಂದು ಎಣ್ಣೆ. ಮೊದಲನೆಯದಕ್ಕೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ. ಒಂದರ ಹಿಂದೊಂದು ಅಂಟಿಕೊಂಡು ಹೋಗಬಾರದೆಂದು, ಪ್ರತಿ ಹಣ್ಣು ಬಿಟ್ಟ ಮೇಲೆ ಕಣ್ಣು ಮುಚ್ಚಿ ಅರವತ್ತು ಎಣಿಸುತ್ತಿದ್ದಳು. ಕೂದಲು ಮುಖಕ್ಕೆ ಬೀಳುತ್ತಿತ್ತೆಂದು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಅವಳ ಲೆಕ್ಕದಲ್ಲಿ ಎಲ್ಲವೂ ಇತ್ತು, ಪಂಚಾಂಗ ಒಂದಿರಲಿಲ್ಲ. ಅಂದು ಅಮಾವಾಸ್ಯೆ.

ಏಳೂ ಬಿಟ್ಟು ಕೆನಾಲಿನ ಕೊನೆಗೆ, ತಮ್ಮ ಹೊಲದ ಬದುವಿಗೆ ಬಂದು ಕುಂತಳು. ಮುಕ್ಕಾಲು ತಾಸಿನ ಮೇಲೆ ಒಂದು ಹಣ್ಣು ಆಯಾಸಪಟ್ಟುಕೊಂಡು ಬಂದು ಕೆಸರಿನಲ್ಲಿ ಕುಂತಿತು. ನಾಲ್ಕು ಬೊಟ್ಟಿನದು. ಉಳಿದ ಆರು ಬರಲಿಲ್ಲ. 'ಏಳರಲ್ಲಿ ಒಂದು' ಎಂದು ನೋಟ್‌ಬುಕ್ಕಿನಲ್ಲಿ ಬರೆದು, 'ಮಾದರಿ ಸಣ್ಣದು, ಇನ್ನೊಮ್ಮೆ ಮಾಡಬೇಕು' ಎಂದು ಪ್ರಾಮಾಣಿಕವಾಗಿ ಕೆಳಗೆ ಸೇರಿಸಿದಳು.

ಅಷ್ಟರಲ್ಲಿ ಮೇಲಿನಿಂದ ಬಾಲಮ್ಮನ ಕಿರುಚಾಟ ಕೇಳಿಸಿತು. "ಯವ್ವಾ! ಕುಂಕಮ ಹಚ್ಚಿದ ನಿಂಬಿಹಣ್ಣು! ಅಮಾಸಿ ದಿನ! ನನ್ನ ಕಾಲಿಗೇ ಬಂತಲ್ಲೋ!"

ರೇಣಮ್ಮ ಓಡಿ ಹೋಗುವಷ್ಟರಲ್ಲಿ ತೂಬಿನ ಹತ್ತಿರ ಜಾತ್ರೆಯಷ್ಟು ಜನ. ನಡುವೆ ಅಂಬಣ್ಣ, ಭತ್ತದ ಗದ್ದೆಯತ್ತ ಕೈ ತೋರಿಸಿ ನಡುಗುತ್ತಿದ್ದ.

"ಒಂದಲ್ಲ, ಎರಡು ಬಿದ್ದಾವ ನನ್ನ ಗದ್ದ್ಯಾಗ! ಒಂದಕ್ಕ ಎರಡು ಬಟ್ಟು, ಒಂದಕ್ಕ ಐದು! ಯಾರೋ ಮಾಟ ಮಾಡ್ಯಾರ!"

"ನಾನ ಬಿಟ್ಟೀನಿ ಕಾಕಾ," ಎಂದಳು ರೇಣಮ್ಮ.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಬಾಲಮ್ಮ ತಾನು ಕೊಟ್ಟ ಮಜ್ಜಿಗೆಯನ್ನು ನೆನೆದು ಎದೆ ಹಿಡಿದುಕೊಂಡಳು.

"ಕೂದಲಾ ಬಿಚ್ಚಿ, ಕಣ್ಣು ಮುಚ್ಚಿ ಮಂತ್ರಾ ಹೇಳಾಕತ್ತಿದ್ಳು, ನಾ ನೋಡೀನಿ!" ಎಂದಿತು ಒಂದು ದನಿ.

"ಮಂತ್ರ ಅಲ್ಲ, ಎಣಿಕಿ! ಇದು ಪ್ರಯೋಗ!"

"ಪ್ರಯೋಗ!" ಅಂಬಣ್ಣ ಕೂಗಿದ. "ಕೇಳಿದ್ರಿ? ಆಕಿನ ಬಾಯಿಲೇ ಅಂದ್ಳು, ಮಾಟದ ಪ್ರಯೋಗ ಅಂತ! ಮಾಟಕ್ಕ ಈಗ ಕಾಯ್ದಿ ಬಂದದ ಅಂತ ಟೀವ್ಯಾಗ ಹೇಳ್ಯಾರ. ನಾ ಕಂಪ್ಲೇಂಟ್ ಕೊಡಾಂವ! ಯಾರರ ಬರ್ಕೊಡ್ರಿ!"

ಯಾರೂ ಮುಂದೆ ಬರಲಿಲ್ಲ. ಊರಿನಲ್ಲಿ ಕಂಪ್ಲೇಂಟ್ ಬರೆಯಲು ಬರುತ್ತಿದ್ದವಳು ಒಬ್ಬಳೇ. ಎಲ್ಲರ ಕಣ್ಣೂ ನಿಧಾನವಾಗಿ ಅವಳತ್ತ ತಿರುಗಿದವು. ಅಂಬಣ್ಣ ಗಂಟಲು ಸರಿಮಾಡಿಕೊಂಡ.

"ತಂಗಿ... ನೀನ ಬರದು ಬಿಡವ್ವ."

"ಬರೀತೀನಿ," ಎಂದು ರೇಣಮ್ಮ ಬದುವಿನ ಮೇಲೆ ಕುಂತಳು. "ಆದ್ರ ಸರಿಯಾಗಿ ಬರೀತೀನಿ. ಪೊಲೀಸ್ರು ಕೇಳ್ತಾರ. ಹಣ್ಣು ಎಲ್ಲಿ ಬಿಟ್ಟಿದ್ದು?"

"ಕೆನಾಲಿನ್ಯಾಗ."

"ಎಲ್ಲಿ ಸಿಕ್ಕಿದ್ದು?"

"ನನ್ನ ಗದ್ದ್ಯಾಗ! ನಟ್ಟನಡುವ!"

"ಕೆನಾಲಿಗೂ ಗದ್ದಿಗೂ ನಡುವ ಆಳೆತ್ತರ ಬದು ಅದ. ಹಣ್ಣು ಜಿನುಗಿ ಬಂತೇನು ಕಾಕಾ?"

ಅಂಬಣ್ಣ ಗುಡ್ಡೆಗೆ ಅಡ್ಡವಾಗಿ ಬೆನ್ನು ಕೊಟ್ಟು ನಿಂತ. ಹುಲ್ಲಿನ ಗುಡ್ಡೆಯೊಳಗಿನ ಪೈಪು ಹಿಂದಿನಿಂದ ಗುಳುಗುಳು ಎಂದಿತು.

ರೇಣಮ್ಮ ಬರೆದದ್ದನ್ನು ಗಟ್ಟಿಯಾಗಿ ಓದಿದಳು: "'ಇವತ್ತು ಮಾನಪ್ಪನವರ ಪಾಳಿ ಇದ್ದಾಗ್ಯೂ, ನಾನು ಕೆನಾಲಿಗೆ ಹಾಕಿದ ನಾಲ್ಕಿಂಚಿನ ಪೈಪಿನ ಮೂಲಕ ಸದರಿ ನಿಂಬೆಹಣ್ಣುಗಳು ನನ್ನ ಗದ್ದೆಗೆ ಬಂದಿರುತ್ತವೆ.' ಇಲ್ಲಿ ಸೈ ಮಾಡ್ರಿ."

ಯಾರೋ ಕಿಸಕ್ಕೆಂದರು. ಅಂಬಣ್ಣ ಹಾಳೆಯನ್ನು ಕಸಿದು ನಾಲ್ಕಾಗಿ ಹರಿದು ಅಂಗಿಯ ಕಿಸೆಗೆ ಹಾಕಿಕೊಂಡ. ಆಮೇಲೆ ನಡೆದದ್ದನ್ನು ರೇಣಮ್ಮ ಕಣ್ಣು ತುಂಬ ನೋಡಿದಳು. ಅಂಬಣ್ಣ ಹುಲ್ಲು ಸರಿಸಿ ಪೈಪು ಕಿತ್ತ. ಬಾಲಮ್ಮ ಓಡಿಹೋಗಿ ತನ್ನದನ್ನು ಕಿತ್ತಳು. ಉಳಿದವರು ಸದ್ದಿಲ್ಲದೆ ಚದುರಿದರು, ಅರ್ಧ ತಾಸಿನಲ್ಲಿ ಕೆನಾಲಿನ ಉದ್ದಕ್ಕೂ ಪೈಪುಗಳು ಬಿಸಿಲಿಗೆ ಬಿದ್ದ ಹೆಬ್ಬಾವಿನಂತೆ ಬದುವಿನ ಮೇಲೆ ಮಲಗಿದ್ದವು.

ಹೊತ್ತು ಮುಳುಗಲು ಇನ್ನೂ ಒಂದು ತಾಸಿತ್ತು. ಮಾನಪ್ಪನ ಶೇಂಗಾ ಹೊಲದ ಬದುವಿಗೆ ನೀರು ಬಂತು. ಬರೇ ಬರಲಿಲ್ಲ, ಮೊಣಕಾಲುದ್ದ ಬಂತು. ಮಾನಪ್ಪ ಹದಿನೆಂಟು ವರ್ಷದಿಂದ ಕಾಣದ ನೀರನ್ನು ಬೊಗಸೆಯಲ್ಲಿ ತುಂಬಿ ರುಮಾಲಿನ ಮೇಲೆ ಸುರಿದುಕೊಂಡ. ಅರ್ಜಿ ರುಮಾಲಿನೊಳಗೆ ಇದ್ದದ್ದು ಆಮೇಲೆ ನೆನಪಾಗಿ ಒಣಗಲು ಹಾಕಿದ.

ಚಹಾ ಅಂಗಡಿಯ ಮುಂದೆ ರೇಣಮ್ಮ ಒದ್ದೆ ಅರ್ಜಿಯನ್ನೂ ಪೆನ್ನನ್ನೂ ಮುಂದೆ ಹಿಡಿದಳು.

"ಸೈ ಮಾಡ್ರಿ ದೊಡ್ಡಪ್ಪ. ಬಸ್ಸು ಆರೂವರಿಗೆ."

"ಮಾಡ್ತೀನವ್ವ. ಆಡಿದ ಮ್ಯಾಲ ಆತು." ಮಾನಪ್ಪ ಪೆನ್ನು ತೆಗೆದುಕೊಂಡ. "ಸಾಬಣ್ಣ, ಆ ಕಾಗದ ಒಂದು ಸಲ ಓದು. ಎಲ್ಲಾ ಪದ್ಧತಶೀರ ಆಗಲಿ."

ಮಕ್ತುಮಸಾಬ ಡಬ್ಬಿ ಎತ್ತಿ, ಚಹಾಪುಡಿ ಕೊಡವಿ ಓದಿದ: "'ನೀರು ವಿಜ್ಞಾನದ ಬಲದಿಂದ ಅಥವಾ ಕಾಯ್ದೆಯ ಬಲದಿಂದ ಮಾತ್ರ ಬರತಕ್ಕದ್ದು. ಯಾವುದೇ ಹೆದರಿಕೆಯಿಂದ ಬಂದಲ್ಲಿ ಈ ಕರಾರು ರದ್ದಾಗತಕ್ಕದ್ದು.'"

"ಇದು ಯಾರು ಬರದದ್ದು?"

"ನಾನ," ಎಂದಳು ರೇಣಮ್ಮ.

ಮಾನಪ್ಪ ಅಂಗಡಿಯ ಮುಂದೆ ನೆರೆದಿದ್ದವರತ್ತ ತಿರುಗಿದ. "ಬಾಲಮ್ಮ, ನೀ ಪೈಪ ಯಾಕ ಕಿತ್ತಿ? ಮುಂಜಾನಿ ಕಾಯ್ದಿ ಹೇಳಿದ್ದಕ್ಕ?"

"ಕಾಯ್ದಿಗೆ ಮಜ್ಜಿಗಿ ಕೊಟ್ಟು ಕಳಿಸಿದ್ನೆಲ್ಲೋ ಯಣ್ಣಾ. ನಿಂಬಿಹಣ್ಣಿಗೆ ಕಿತ್ತೀನಿ. ಇನ್ನೊಂದು ಬಂದ್ರ ಏನು ಗತಿ ನಂದು?"

"ಅದು ಮಾಟ ಅಲ್ಲ ಅತ್ತಿ! ಅದ ವಿಜ್ಞಾನ!"

"ಏನರ ಇರವಲ್ದ್ಯಾಕ. ನಾ ಅಂಜಿದ್ದು ಖರೆ."

"ಅಂಬಣ್ಣ, ನೀನು?" ಮಾನಪ್ಪ ಕೇಳಿದ. "ಕಾಗದಾ ಓದಿದ್ದಕ್ಕ ಕಿತ್ತಿಯಲ್ಲ?"

ಅಂಬಣ್ಣನ ಮುಂದೆ ಎರಡೇ ದಾರಿ ಇದ್ದವು: ಹುಡುಗಿಯ ಕಾಯ್ದೆಗೆ ಸೋತೆ ಅನ್ನುವುದು, ಇಲ್ಲವೆ ನಿಂಬೆಹಣ್ಣಿಗೆ ಅಂಜಿದೆ ಅನ್ನುವುದು. ಅವನು ಎದೆ ಸೆಟೆಸಿ ಹೇಳಿದ: "ಕಾಯ್ದಿಗೆ ನಮ್ಮಪ್ಪನೂ ಅಂಜಿಲ್ಲ. ನಿಂಬಿಹಣ್ಣಿಗೆ ಅಂಜೀನಿ."

ಮಾನಪ್ಪ ಪೆನ್ನಿನ ಮುಚ್ಚಳ ಹಾಕಿದ. ದನಿಯಲ್ಲಿ ಗೆಲುವಿರಲಿಲ್ಲ, ಒಂದಿಷ್ಟು ಅಭಿಮಾನವೇ ಇತ್ತು. "ಭಾಳ ಚಂದ ಬರದೀ ಮಗಳ. ತಪ್ಪಿಸಿಕೊಳ್ಳಾಕ ಒಂದು ಸಂದೂ ಬಿಟ್ಟಿಲ್ಲ. ನೀರು ನಿಂಬಿಹಣ್ಣಿಗೆ ಬಂದದ. ಅದಕ್ಕ ಐದು ವರ್ಷದ ಓದು ಯಾಕ ಬೇಕು? ಸುರಪುರದಾಗ ಬಿಎಸ್ಸಿ ಸೇರು. ಪಾಳಿ ದಿನ ಮನ್ಯಾಗ ಇರು."

ರೇಣಮ್ಮ ಅಳಲಿಲ್ಲ. ನೋಟ್‌ಬುಕ್ಕಿನಿಂದ ಇನ್ನೊಂದು ಹಾಳೆ ಹರಿದು ತೊಡೆಯ ಮೇಲಿಟ್ಟುಕೊಂಡಳು.

"ಮರುಪರಿಶೀಲನೆಗೆ ಅರ್ಜಿ ಹಾಕ್ತೀನಿ. ಅದಕ್ಕೂ ಕಾಯ್ದಿ ಅದ."

"ಹಾಕು. ಯಾರಿಗೆ?"

"ನಿಮಗ. ನಾಳಿ ಬಸ್ಸು ಹೊರಡೂದ್ರಾಗ ತೀರ್ಪು ಕೊಡಬೇಕು."

ಅವಳು ಬರೆಯತೊಡಗಿದಳು. ಈ ಸಲ ಪ್ರತಿ ಶಬ್ದವನ್ನೂ ಎತ್ತಿ, ತಿರುಗಿಸಿ, ಕೆಳಗೆ ನೋಡಿ ಇಡುತ್ತಿದ್ದಳು. ಎರಡನೆಯ ಸಾಲಿಗೆ ಬಂದಾಗ ಕಾಗದದ ಮೇಲೆ ನೆರಳು ಬಿತ್ತು. ಅಂಬಣ್ಣ ಬುಟ್ಟಿಯೊಂದನ್ನು ತಂದು ಅವಳ ಪಾದದ ಹತ್ತಿರ ಇಟ್ಟಿದ್ದ. ಬುಟ್ಟಿಯ ತುಂಬ ನಿಂಬೆಹಣ್ಣು. ಹಿಂದೆ ಹದಿನೈದು ಇಪ್ಪತ್ತು ಜನ, ಕೆಲವರು ಪಕ್ಕದ ಊರಿನವರು, ಎಲ್ಲರ ಕೈಯಲ್ಲೂ ಕುಂಕುಮದ ಪೊಟ್ಟಣ.

"ತಂಗಿ, ತೂಬಿನ ಮ್ಯಾಲಿನ ಊರವ್ರೂ ಪೈಪ ಹಾಕ್ಯಾರ," ಅಂಬಣ್ಣ ದನಿ ತಗ್ಗಿಸಿ ಹೇಳಿದ. "ನನಗೂ ಏಳು ಬಿಟ್ಟು ಕೊಡು."

ರೇಣಮ್ಮ ಬುಟ್ಟಿಯನ್ನು ಕಾಲಿನಿಂದ ದೂರ ತಳ್ಳಿದಳು. "ಒಂದು ಹಣ್ಣೂ ಮುಟ್ಟಂಗಿಲ್ಲ ನಾ! ತಿಳೀತೇನು?"

ಅಂಬಣ್ಣ ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದು, ನಿಂತವರತ್ತ ತಿರುಗಿ ಪಿಸುಗುಟ್ಟಿದ:

"ಹೊತ್ತು ಮುಳುಗ್ಯಾದ ನೋಡ್ರಿ, ಇನ್ನ ಮುಟ್ಟಂಗಿಲ್ಲಂತ. ಮುಂದಿನ ಅಮಾಸಿಗೆ ಬರ್ರಿ."