ದೊಡ್ಡಪ್ಪನ ಡೆಕ್ಕಿನ ಋತುಚರ್ಯೆ

ಮಳೆಗಾಲ ಬಂತೆಂದರೆ ಲೋಕದ ಜನರೆಲ್ಲ ಸಡಿಲವಾದದ್ದನ್ನು ಬಿಗಿ ಮಾಡಿಕೊಳ್ಳುತ್ತಾರೆ. ಹೆಂಚು ಸರಿಪಡಿಸುತ್ತಾರೆ, ಕಿಟಕಿಯ ಚಿಲಕ ನೋಡಿಕೊಳ್ಳುತ್ತಾರೆ, ಕಳಚಿದ ಛತ್ರಿಯ ಕಡ್ಡಿಗೆ ಹೊಲಿಗೆ ಹಾಕಿಸುತ್ತಾರೆ. ಆದರೆ ತನ್ನ ಪಾಡಿಗೆ ತಾನು ಗಟ್ಟಿಯಾಗಿ ಕೂತಿರುವ ಒಂದು ಸ್ಕ್ರೂವನ್ನು, ಬೋರಲು ಮಲಗಿ ಬೆವರು ಸುರಿಸಿ ಸಡಿಲ ಮಾಡುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ! ಅವರು ಬೇರೆ ಯಾರೂ ಅಲ್ಲ, ಅರಸೀಕೆರೆಯಲ್ಲಿರುವ ನನ್ನ ದೊಡ್ಡಪ್ಪ.

ಅವರಿಗೆ ತಲೆ ಕೆಟ್ಟಿದೆ ಎಂದು ನೀವು ಅಂದುಕೊಳ್ಳಬಹುದು. ಅವರು ಡೆಕ್ಕಿಗೆ ಮಾಡುವ ಉಪಚಾರ ನೋಡಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರೂ ಹಾಗೇ ಅಂದುಕೊಂಡಿದ್ದಾರೆ. ಸತ್ಯ ಹೇಳಬೇಕೆಂದರೆ ನಾನೂ ಸುಮಾರು ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನದು ಕೆಟ್ಟ ಕುತೂಹಲ ನೋಡಿ. ಯಾರಾದರೂ ಹುಚ್ಚುತನ ಮಾಡುತ್ತಿದ್ದರೆ ಅದು ಯಾವ ಜಾತಿಯ ಹುಚ್ಚು ಎಂದು ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ.

ದೊಡ್ಡಪ್ಪ ಬಹಳ ವರ್ಷ ಕೊಬ್ಬರಿ ಮಂಡಿ ನಡೆಸಿದವರು. ಉಂಡೆ ಕೊಬ್ಬರಿಯ ವ್ಯಾಪಾರ ಎಂದರೆ ಕಿವಿಯ ವ್ಯಾಪಾರ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಸದ್ದಿನಲ್ಲೇ ತಿಳಿಯಬೇಕು. ಸುತ್ತಿಗೆ ಮುಟ್ಟುವ ಮೊದಲೇ ಒಳಗಿನ ಜಾತಕ ಹೇಳುವುದರಲ್ಲಿ ದೊಡ್ಡಪ್ಪನದು ಎತ್ತಿದ ಕೈ. "ನನ್ನ ಕಣ್ಣಿಗೆ ಬೇಕಾದ್ರೆ ಮೋಸ ಮಾಡ್ಬಹುದು, ಕಿವಿಗೆ ಮಾಡಕ್ಕಾಗಲ್ಲ" ಎಂದು ಕಿವಿ ತಿರುಚಿಕೊಂಡು ತೋರಿಸುತ್ತಿದ್ದರು. ಈ ಕಿವಿಯ ಹೆಮ್ಮೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಯಸ್ಸಾಯಿತೆಂದು ಮಂಡಿ ಮುಚ್ಚಿದಾಗ ಅಟ್ಟದ ಹಲಗೆಗಳು ಉಳಿದವು. ಅದೇ ಸಮಯಕ್ಕೆ ಬೇಲೂರಿನ ಹತ್ತಿರದ ಒಂದು ರೆಸಾರ್ಟಿನಲ್ಲಿ ನೆಂಟರ ಮಗುವಿನ ನಾಮಕರಣ. ಅಲ್ಲಿ ಎಲ್ಲರೂ ಮಗುವನ್ನು ನೋಡಿದರೆ ದೊಡ್ಡಪ್ಪ ನೋಡಿದ್ದು ಹೊರಗೆ ನೆಲದಿಂದ ಎತ್ತರಕ್ಕೆ ಹಲಗೆ ಹಾಸಿದ ಮರದ ಡೆಕ್ಕನ್ನು! ಬಗ್ಗಿ ನೋಡಿದರು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು, ಊಟಕ್ಕೆ ಕರೆದರೆ "ತಡೀರಿ, ಅಡಿಗೆ ಏನ್ ಕೊಟ್ಟವ್ರೆ ನೋಡ್ತೀನಿ" ಎಂದು ಅದರ ಕೆಳಗೆ ತಲೆ ತೂರಿಸಿದರು. ಕರೆಯಲು ಹೋದವರು ಅದನ್ನು ಊಟದ ಅಡುಗೆ ಎಂದುಕೊಂಡು, ಪಾಯಸ ಎಂದು ಹೇಳಿ ಬಂದರು. ಅಂತೂ ಒಂದೆರಡು ತಿಂಗಳಲ್ಲಿ ಅರಸೀಕೆರೆಯ ಮನೆಯ ಮುಂದೆ, ಬಾಗಿಲಿನಿಂದ ಗೇಟಿನ ಕಡೆಗೆ ಆ ಅಟ್ಟದ ಹಲಗೆಗಳದೇ ಒಂದು ಡೆಕ್ಕು ಎದ್ದು ನಿಂತಿತು. ಕೊನೆಯಲ್ಲಿ ಅಂಗಳಕ್ಕೆ ಇಳಿಯಲು ಒಂದೇ ಒಂದು ಮೆಟ್ಟಿಲು. ದೊಡ್ಡಪ್ಪ ಅದನ್ನು 'ಡೆಕ್ಕು' ಎಂದರು. ದೊಡ್ಡಮ್ಮ 'ಹಲಗೆ ಜಗಲಿ' ಎಂದರು. ಬೀದಿಯವರು 'ಸ್ಟೇಜು' ಎಂದರು, ಹಾದು ಹೋಗುವಾಗಲೆಲ್ಲ "ಯಜಮಾನ್ರೇ, ಇವತ್ತು ಯಾವ ನಾಟ್ಕ?" ಎಂದು ಕೇಳುತ್ತಿದ್ದರು.

ನಾಟಕಕ್ಕೇನೂ ಕೊರತೆ ಇರಲಿಲ್ಲ. ಮರಕ್ಕೆ ಎಣ್ಣೆ ಹಚ್ಚಬೇಕು ಎಂದು ಯಾರೋ ಹೇಳಿದರು. ಯಾವ ಎಣ್ಣೆ ಎಂದು ಕೇಳುವ ಗೋಜಿಗೆ ಕೊಬ್ಬರಿ ವ್ಯಾಪಾರಿ ಹೋಗುತ್ತಾರೆಯೇ? ಜಗತ್ತಿನಲ್ಲಿ ಎಣ್ಣೆ ಎಂದರೆ ಒಂದೇ! ಗಾಣದಿಂದ ಘಮಘಮ ಎನ್ನುವ ಕೊಬ್ಬರಿ ಎಣ್ಣೆ ತಂದು ಹಲಗೆಗಳಿಗೆಲ್ಲ ಧಾರಾಳವಾಗಿ ಉಜ್ಜಿದರು. ಸಂಜೆಯವರೆಗೆ ಡೆಕ್ಕು ಫಳಫಳ ಹೊಳೆಯಿತು. ಮರುದಿನ ಬೆಳಿಗ್ಗೆ ನೋಡಿದರೆ ಡೆಕ್ಕೇ ಕಾಣಿಸಲಿಲ್ಲ, ಬರೀ ಇರುವೆ! ಅರಸೀಕೆರೆಯ ಇರುವೆಗಳು ಸಾಲದೆ ಮಾದಿಹಳ್ಳಿಯ ಕಡೆಯವೂ ಬೆಳಗಿನ ಬಸ್ಸು ಹತ್ತಿ ಬಂದಿದ್ದವೋ ಏನೋ. ಹಿಂದೆಯೇ ಅಳಿಲು ಬಂದವು, ಇಲಿ ಬಂದವು, ಬೀದಿ ನಾಯಿಗಳು ಬಂದು ಹಲಗೆ ನೆಕ್ಕಿದವು. ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಒಂದಿಷ್ಟು ಬೆಲ್ಲಾನೂ ಉದುರ್ಸಿ ಬಿಡ್ರೀ, ಮಿಠಾಯಿ ಆಗೋಗ್ಲಿ" ಎಂದರಂತೆ.

ಆಮೇಲೆ ಹೊಂಗೆ ಎಣ್ಣೆಗೆ ಬಂದರು. ಹೊಂಗೆಯ ವಾಸನೆಗೆ ಗೆದ್ದಲೇನು, ನೆಂಟರೂ ಹತ್ತಿರ ಸುಳಿಯುವುದಿಲ್ಲ. ಅಲ್ಲಿಂದ ಡೆಕ್ಕಿಗೊಂದು ಋತುಚರ್ಯೆ ಶುರುವಾಯಿತು. ದೀಪಾವಳಿ ಕಳೆದ ಮೇಲೆ ಅಂಟುವಾಳದ ನೀರಿನಲ್ಲಿ ಸ್ನಾನ. ಶಿವರಾತ್ರಿಯ ಚಳಿ ಹೋದ ಮೇಲೆ ಉಪ್ಪುಕಾಗದದಿಂದ ಮೈ ಉಜ್ಜುವುದು. ಯುಗಾದಿಗೆ ಮುಂಚೆ ಎಣ್ಣೆ. "ನಮ್ಮನೇಲಿ ಹಬ್ಬದ ಎಣ್ಣೆಸ್ನಾನ ಮೊದ್ಲು ಅದಕ್ಕೆ, ಆಮೇಲೆ ನಮಗೆ" ಎಂದು ದೊಡ್ಡಮ್ಮ ನನಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೆ ದೊಡ್ಡಪ್ಪ ಹಲಗೆ ಹಲಗೆಯನ್ನೂ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಸ್ಕ್ರೂ ಬಿಗಿ ಮಾಡುತ್ತಿದ್ದರು.

ಕೂರುವುದಕ್ಕೆಂದು ಕಟ್ಟಿಸಿದ ಡೆಕ್ಕಿನ ಮೇಲೆ ಕೂರುವ ಯೋಗ ಮಾತ್ರ ಯಾರಿಗೂ ಇರಲಿಲ್ಲ. ಸ್ನಾನವಾದರೆ ಒದ್ದೆ, ಎಣ್ಣೆ ಹಚ್ಚಿದರೆ ಅಂಟು, ಉಜ್ಜಿದರೆ ಧೂಳು. ಒಂದು ಯುಗಾದಿಗೆ ಮೇಷ್ಟ್ರು ಬೆಳ್ಳಗಿನ ಪಂಚೆಯುಟ್ಟು ಬೇವುಬೆಲ್ಲಕ್ಕೆ ಬಂದವರು, ಹೇಳುವಷ್ಟರಲ್ಲಿ ಕೂತೇಬಿಟ್ಟರು. ಎದ್ದಾಗ ಪಂಚೆಯ ಹಿಂಭಾಗದಲ್ಲಿ ಹಲಗೆಯ ಸಂದುಗಳೆಲ್ಲ ಸಾಲು ಸಾಲಾಗಿ ಅಚ್ಚಾಗಿದ್ದವು.

"ಮೇಷ್ಟ್ರೇ, ಕಾಪಿ ಬರೆಯೋ ಪುಸ್ತಕದ ಗೆರೆ ಬಿದ್ದೈತಲ್ರೀ!" ಎಂದರು ದೊಡ್ಡಪ್ಪ.

"ಬರೀತೀನಿ ಕಣ್ರೀ, ಇದರ ಮೇಲೇ ನಿಮ್ಮ ಮೇಲೊಂದು ದೂರು ಬರೀತೀನಿ" ಎಂದು ಮೇಷ್ಟ್ರು ಪಂಚೆ ಹಿಡಿದುಕೊಂಡು ಹೊರಟರು.

ನಮ್ಮ ಮನೆ ಇರುವುದು ಹಳೇಬೀಡಿನಲ್ಲಿ. ಒಮ್ಮೆ ದೊಡ್ಡಪ್ಪ ಬಂದಿದ್ದಾಗ ಬಸ್ತಿಹಳ್ಳಿಯ ಬಸದಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ನುಣುಪು ಕಂಬಗಳಲ್ಲಿ ಎಲ್ಲರೂ ತಮ್ಮ ಮುಖ ನೋಡಿಕೊಳ್ಳುತ್ತಿದ್ದರೆ ಇವರು ಕಂಬಕ್ಕೆ ಕಿವಿ ಹಚ್ಚಿ ಗೆಣ್ಣಿನಿಂದ ತಟ್ಟುತ್ತಿದ್ದರು. ಕಾವಲಿನವನು ಓಡಿ ಬಂದ. "ಯಜಮಾನ್ರೇ, ಅದು ತೆಂಗಿನಕಾಯಿ ಅಲ್ಲ!" ದೊಡ್ಡಪ್ಪನಿಗೆ ಬೇಜಾರೇನೂ ಆಗಲಿಲ್ಲ. "ಜಾಣರು ಕಣೇ ಈ ಹೊಯ್ಸಳರು, ಕಲ್ಲಲ್ಲೇ ಮಾಡ್ಬಿಟ್ರು. ವರ್ಷಾ ವರ್ಷಾ ಎಣ್ಣೆ ಹಚ್ಚೋ ರಗಳೆ ಇಲ್ಲ" ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದರು.

ಇಂಥ ದೊಡ್ಡಪ್ಪನ ಡೆಕ್ಕಿನಲ್ಲಿ ಒಂದು ಹಲಗೆ ಕಿರುಗುಟ್ಟುತ್ತಿತ್ತು!

ಅದೂ ಎಲ್ಲಿ? ಮೆಟ್ಟಿಲಿಗೆ ಮುಂಚಿನ ಕೊನೆಯ ಹಲಗೆ. ಕಾಲಿಟ್ಟರೆ ಸಾಕು, "ಕಿರ್‍ರ್" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಉಳಿದ ಹಲಗೆಗಳ ಮೇಲೆ ಕುಣಿದರೂ ಚಕಾರವಿಲ್ಲ. ಬೇರೆಯವರ ಮನೆಯ ಬಾಗಿಲು ಸದ್ದು ಮಾಡಿದರೆ ಕೇಳದೇ ಎಣ್ಣೆ ಬಿಟ್ಟು ಬರುವ ಮನುಷ್ಯ ಇದನ್ನು ಹೇಗೆ ಸಹಿಸಿಕೊಂಡರು? ಈ ಬೇಸಿಗೆಯಲ್ಲಿ ಮೇಷ್ಟ್ರು ಒಮ್ಮೆ ಬಾಯಿಬಿಟ್ಟು ಕೇಳಿಯೂ ಬಿಟ್ಟರು.

"ಏನ್ರೀ, ಈ ಹಲಗೆ ಹಿಂಗ್ ಅರಚ್ಕೊತೈತೆ?"

"ಎಲ್ಲಿ? ನನಗೇನೂ ಕೇಳಿಸ್ಲಿಲ್ಲವಲ್ಲ" ಎಂದರು ದೊಡ್ಡಪ್ಪ, ಪೇಪರಿನಿಂದ ತಲೆ ಎತ್ತದೆ.

ಮೇಷ್ಟ್ರು ಅದರ ಮೇಲೆ ನಿಂತು ತೂಗಾಡಿದರು. ಕಿರ್‍ರ್, ಕಿರ್‍ರ್. "ಈಗ?"

"ಊಹೂಂ."

ಮೇಷ್ಟ್ರು ನನ್ನ ಕಡೆ ನೋಡಿ, ಕಿವಿಯ ಹತ್ತಿರ ಕೈ ಆಡಿಸಿ ಸನ್ನೆ ಮಾಡಿದರು. ಕೊಬ್ಬರಿಯ ಒಳಗುಟ್ಟು ಕೇಳಿಸಿಕೊಳ್ಳುತ್ತಿದ್ದ ಕಿವಿ ಹೋಯಿತೇ? ಆದರೆ ಅವತ್ತೇ ಮಧ್ಯಾಹ್ನ ಅಡುಗೆಮನೆಯಲ್ಲಿ ನಾನು ಗುಟ್ಟಾಗಿ ಡಬ್ಬಿ ತೆಗೆದರೆ, ದೊಡ್ಡಪ್ಪ ಹೊರಗಿನಿಂದಲೇ "ಚಕ್ಲಿ ನನಗೂ ಒಂದ್ ತಾರೇ" ಎಂದರು. ಚಕ್ಕುಲಿ ಡಬ್ಬಿಯ ಮುಚ್ಚಳ ಕೇಳುತ್ತದೆ, ಕಾಲಡಿಯ ಹಲಗೆ ಕೇಳುವುದಿಲ್ಲ! ಇದೆಂಥ ಕಿವುಡು? ನನ್ನ ಕುತೂಹಲಕ್ಕೆ ತುರಿಕೆ ಹತ್ತಿತು.

ಹೋದ ವರ್ಷದ ಆಷಾಢದಲ್ಲಿ ದೊಡ್ಡಮ್ಮ ಆ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಜಿಟಿಜಿಟಿ ಮಳೆ, ಕಾಲು ಜಾರಿತು ಎಂದು ಅವರೇ ಹೇಳಿದ್ದರು. ನಾವೆಲ್ಲ ಮಳೆಯನ್ನು ಬೈದೆವು, ಹೊಂಗೆ ಎಣ್ಣೆಯನ್ನು ಬೈದೆವು, ಕೊನೆಗೆ ದೊಡ್ಡಪ್ಪನನ್ನೂ ಬೈದೆವು. ಅವರು ಮಾತ್ರ ಆ ಕೊನೆಯ ಹಲಗೆಯನ್ನು ಗೆಣ್ಣಿನಿಂದ ತಟ್ಟುತ್ತಾ ಕೂತಿದ್ದರು.

ಈ ಸಲದ ಆಷಾಢದಲ್ಲಿ ಒಂದು ರಜೆಯ ದಿನ ಬಸ್ಸು ಹಿಡಿದು ಹೋದೆ. ಬೆಳಗಿನ ಮಳೆ ನಿಂತಿತ್ತು. ದೊಡ್ಡಮ್ಮ ಒಳಗೆ ಊಟವಾಗಿ ಅಡ್ಡಾಗಿದ್ದರು. ದೊಡ್ಡಪ್ಪ ಡೆಕ್ಕಿನ ಮೇಲೆ ಬೋರಲು ಮಲಗಿ, ಕೊನೆಯ ಹಲಗೆಗೆ ಕಿವಿ ಹಚ್ಚಿ, ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದರು.

"ಅಬ್ಬ, ಕೊನೆಗೂ ಬಿಗಿ ಮಾಡ್ತಿದೀರಲ್ಲ ದೊಡ್ಡಪ್ಪ!" ಎಂದೆ.

"ಶ್! ಮೆಲ್ಲಗ್ ಮಾತಾಡು. ಬಿಗಿ ಅಲ್ಲ ಕಣೇ, ಸಡ್ಲ ಮಾಡ್ತಿದೀನಿ."

"ಸಡ್ಲಾನಾ? ಯಾಕೆ?"

"ಮಳೆಗೆ ಮರ ಊದ್ಕೊಂಡೈತೆ. ಸದ್ದೇ ನಿಂತೋಗೈತೆ." ಅಂಗೈಯಿಂದ ಒತ್ತಿದರು. ಹಲಗೆ ಉಸಿರೆತ್ತಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದರು, ಒತ್ತಿದರು. ಕಿರ್‍ರ್. ದೊಡ್ಡಪ್ಪನ ಮುಖ ಅರಳಿತು. ಸ್ಕ್ರೂಡ್ರೈವರನ್ನು ಪೇಪರಿನಡಿ ಬಚ್ಚಿಟ್ಟು ಕುರ್ಚಿಯ ಮೇಲೆ ಕೂತರು.

"ಹಂಗಾದ್ರೆ ನಿಮಗೆ ಇದು ಕೇಳ್ಸುತ್ತೆ!"

"ಕೇಳ್ದೇ ಏನು? ಈಗ ಸುಮ್ನಿದ್ದು ನೋಡು."

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ "ಹೂವಾ…" ಎಂದು ಕೂಗು ಕೇಳಿತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಒಳಗಿನಿಂದ ಬಂದರು. ನನ್ನನ್ನು ನೋಡಿ, "ಯಾವಾಗ್ ಬಂದ್ಯೇ? ಇರು, ಹೂವ ತಗೊಂಡ್ ಬತ್ತೀನಿ" ಎಂದು, ತಲೆ ಎತ್ತಿಕೊಂಡೇ, ಸರಸರ ನಡೆದರು. ಕಿರ್‍ರ್. ಅಲ್ಲಿಗೆ ನಿಂತರು. ಬಲಗಾಲಿನ ಬೆರಳನ್ನು ಮುಂದೆ ಚಾಚಿ, ಹಲಗೆಯ ಅಂಚನ್ನು ಮುಟ್ಟಿ, ನಿಧಾನವಾಗಿ ಮೆಟ್ಟಿಲು ಇಳಿದರು. ಆಮೇಲೆ ಮತ್ತೆ ಸರಸರ ಗೇಟಿಗೆ. ಒಮ್ಮೆಯೂ ಕೆಳಗೆ ನೋಡಲಿಲ್ಲ.

ದೊಡ್ಡಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಪಿಸುಗುಟ್ಟಿದರು. "ಎದುರಿಗಿರೋದು ಅವ್ಳಿಗೆ ಕಾಣ್ಸುತ್ತೆ ಕಣೇ. ಕಾಲ ಕೆಳಗಿಂದು ಕಾಣ್ಸಲ್ಲ. ಕಣ್ಣಲ್ಲಿ ಒತ್ತಡ ಜಾಸ್ತಿಯಾಗೈತಂತೆ. ನನ್ನತ್ರ ಮುಚ್ಚಿಟ್ಟು, ಕನ್ನಡಕದ ನಂಬರ್ ಬದಲಾಯ್ತು ಅಷ್ಟೇ ಅಂದ್ಲು. ನಾನೇ ಹಾಸನಕ್ಕೋಗಿ ಡಾಕ್ಟ್ರನ್ನ ಕೇಳ್ಕೊಂಡ್ ಬಂದೆ. ಹೋಗಿರೋದು ವಾಪಸ್ ಬರಲ್ವಂತೆ. ಡ್ರಾಪ್ಸ್ ಹಾಕಿ ಇರೋದನ್ನ ಉಳಿಸ್ಕೋಬೇಕಂತೆ. ಹಾಕ್ಕೊಳ್ತಾಳೆ, ತಪ್ಸಲ್ಲ."

"ಮತ್ತೆ ಹಲಗೆ?"

"ಎಷ್ಟ್ ಬಿಗಿ ಮಾಡಿದ್ರೂ ಮೊದ್ಲಿಂದ ಅದು ಕೂಗ್ತಿತ್ತು. ಆ ಸದ್ದಿನ ಮೇಲೆ ಮೆಟ್ಲು ಎಲ್ಲೈತೆ ಅಂತ ತಿಳ್ಕೊಂತಿದ್ಲು. ನನಗೆಲ್ಲಿ ಗೊತ್ತು? ಹೋದ್ವರ್ಷ ಮಳೆಗೆ ಅದು ಸುಮ್ನಾಯ್ತು ನೋಡು, ಅವತ್ತು ಬಿದ್ಲು. ಆಮೇಲೆ ಗೊತ್ತಾಯ್ತು ನನಗೆ. ಮಳೆಗಾಲದಲ್ಲಿ ಇದನ್ನ ಸಡ್ಲ ಮಾಡ್ಬೇಕು, ಬೇಸಿಗೇಲಿ ಮಿಕ್ಕಿದ್ದನ್ನೆಲ್ಲ ಬಿಗಿ ಮಾಡ್ಬೇಕು. ಎಲ್ಲಾ ಹಲಗೆ ಕೂಗಿದ್ರೆ ಯಾವುದನ್ನ ಅಂತ ನಂಬ್ತಾಳೆ?"

"ಕೈ ಹಿಡ್ಕೊಂಡ್ ಇಳಿಸ್ಬಹುದಲ್ವಾ ದೊಡ್ಡಪ್ಪ?" ಎಂದೆ.

"ಹಿಡೀಬಹುದು. ಆದ್ರೆ ನಿಮ್ಮ ದೊಡ್ಡಮ್ಮ ಯಾವತ್ತಾದ್ರೂ ಒಬ್ರ ಕೈ ಹಿಡ್ಕೊಂಡ್ ನಡೆದವಳಾ? ನನಗೆ ಗೊತ್ತು ಅಂತ ಅವ್ಳಿಗೆ ಗೊತ್ತಾದ ದಿನಾನೇ ಗೇಟಿನತ್ರ ಹೋಗೋದು ಬಿಟ್ಬಿಡ್ತಾಳೆ. ನೀನು ಬಾಯಿ ಬಿಡ್ಬೇಡ."

ಹೂವು ತಂದ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಲೋಟದ ಅಂಚಿಗೆ ಬೆರಳ ತುದಿ ಇಟ್ಟುಕೊಂಡು ಕಾಫಿ ಬಗ್ಗಿಸಿದರು. ಒಂದು ಹನಿ ಚೆಲ್ಲಲಿಲ್ಲ. ಬಾಗಿಲ ಕಡೆ ಒಮ್ಮೆ ತಿರುಗಿ, ದನಿ ತಗ್ಗಿಸಿದರು.

"ನಿನ್ನತ್ರ ಒಂದ್ ಮಾತು ಹೇಳ್ತೀನಿ, ಯಾರತ್ರಾನೂ ಅನ್ಬೇಡ. ನಿಮ್ಮ ದೊಡ್ಡಪ್ಪನಿಗೆ ಕಿವಿ ಮಂದ ಆಗೈತೆ ಕಣೇ."

"ಯಾರ್ ಹೇಳಿದ್ರು ದೊಡ್ಡಮ್ಮ?"

"ಯಾರು ಹೇಳ್ಬೇಕು? ಆ ಮೆಟ್ಲತ್ರದ ಹಲಗೆ ಬೀದಿಗೆಲ್ಲ ಕೇಳೋ ಹಂಗೆ ಕೂಗ್ತೈತೆ, ಇವ್ರಿಗೆ ಕೇಳ್ಸಲ್ಲ! ಬರೀ ಸದ್ದಿನ ಮೇಲೆ ಮಂಡಿ ನಡೆಸ್ದೋರು. ಗೊತ್ತಾದ್ರೆ ಎದೆ ಒಡ್ಕೊತಾರೆ. ಅದಕ್ಕೇ ನಾನು ಆ ಹಲಗೆ ಸುದ್ದೀನೇ ಎತ್ತಲ್ಲ. ಪಾಪ, ಎಲ್ಲಾ ಸರಿ ಮಾಡಿದೀನಿ ಅನ್ಕೊಂಡವ್ರೆ. ಹಂಗೇ ಇರ್ಲಿ ಬಿಡು."

ಎಷ್ಟು ದಿನದಿಂದ ಕೆದಕಿ ಕೆದಕಿ ಕೇಳುತ್ತಿದ್ದವಳು ನಾನು! ಈಗ ಎರಡೂ ಕಡೆಯ ಗುಟ್ಟು ನನ್ನ ಒಬ್ಬಳ ಹೊಟ್ಟೆಯಲ್ಲಿ. ಹೊರಗೆ ಅವರು, ಒಳಗೆ ಇವರು, ನಡುವೆ ಒಂದು ಗೋಡೆ. ಇಬ್ಬರ ಮೇಲೂ ಹೇಳಲಾಗದಷ್ಟು ಪ್ರೀತಿ ಉಕ್ಕಿತು. ಎರಡು ಗುಟ್ಟನ್ನೂ ಕಾಫಿಯ ಜೊತೆ ನುಂಗಿ ಲೋಟ ತೊಳೆದಿಟ್ಟೆ.

ಸಂಜೆಯ ಬಸ್ಸಿಗೆ ಹೊರಟೆ. ದೊಡ್ಡಪ್ಪ ಪೇಪರು ಹಿಡಿದಿದ್ದರು. ಪಕ್ಕದಲ್ಲಿ ದೊಡ್ಡಮ್ಮ ಕಣ್ಣು ಮೇಲೆತ್ತಿಕೊಂಡೇ ಬೆರಳಿನ ಲೆಕ್ಕದಲ್ಲಿ ಹೂವು ಕಟ್ಟುತ್ತಿದ್ದರು. ಇಬ್ಬರ ಕಾಲಿಗೂ ನಮಸ್ಕರಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಬೇಕೆಂದೇ ಆ ಹಲಗೆಯ ಮೇಲೆ ಗಟ್ಟಿಯಾಗಿ ಕಾಲಿಟ್ಟೆ.

ಕಿರ್‍ರ್.

"ಏನೋ ಸದ್ದಾಯ್ತಲ್ಲ ದೊಡ್ಡಪ್ಪ?" ಎಂದೆ, ತಡೆಯಲಾರದೆ.

"ಎಲ್ಲಿ? ನನಗೇನೂ ಕೇಳಿಸ್ಲಿಲ್ಲ" ಎಂದರು ಅವರು, ಪುಟ ಮಗುಚುತ್ತಾ.

ದೊಡ್ಡಮ್ಮ ನನ್ನ ದಿಕ್ಕಿಗೆ ಮುಖ ತಿರುಗಿಸಿ, ನೋಡಿದೆಯಾ ಎನ್ನುವಂತೆ ತಲೆ ಆಡಿಸಿದರು. ಆಮೇಲೆ ಮೆತ್ತಗೆ ಹೇಳಿದರು, "ಹುಷಾರು ಕಣವ್ವ, ಅಲ್ಲಿಂದ ಮುಂದೆ ಮೆಟ್ಲೈತೆ."

ಹುಷಾರಾಗಿಯೇ ಇಳಿದೆ. ಕಣ್ಣು ತುಂಬಿಕೊಂಡು ಮೆಟ್ಟಿಲು ನನಗೂ ಕಾಣುತ್ತಿರಲಿಲ್ಲ.